ಬಿಸಿಲ ಧಗೆಗೆ ಸೀಮೆ ಹಸು ಹಾಲು ಇಳಿಸಿದಾಗ: ಕೊಟ್ಟಿಗೆಯಲ್ಲಿ ಹಂತಹಂತವಾಗಿ ಮಾಡಬೇಕಾದ್ದು

ಮಾರ್ಚ್ ಮೂರನೇ ವಾರ. ಸಂಜೆ ಡೈರಿಗೆ ಹಾಲು ಹಾಕಿ ಚೀಟಿ ನೋಡಿದೆ. ಫ್ಯಾಟ್ (ಹಾಲಿನ ಕೊಬ್ಬಿನ ಅಂಶ) ನೂರಕ್ಕೆ 3.1. ಹಿಂದಿನ ತಿಂಗಳೆಲ್ಲ 3.8ಕ್ಕೆ ಇಳಿದೇ ಇರಲಿಲ್ಲ. ಎರಡು ಹೊತ್ತಿನ ಹಾಲು ಸೇರಿಸಿದರೆ ಮೂರು ಲೀಟರ್ ಕಮ್ಮಿ. ಬೆಳಿಗ್ಗೆ ಮುಟ್ಟಿದರೆ ಹಸುವಿಗೆ ಜ್ವರ ಇಲ್ಲ, ಕೆಚ್ಚಲು ಮೆತ್ತಗಿದೆ, ಮೇವು ಬದಲಾಯಿಸಿಲ್ಲ. ಮನೆಯವರಿಗೆಲ್ಲ ಹಿಂಡಿಯ ಮೇಲೆ ಅನುಮಾನ. ಮೂಟೆ ಬದಲಾಯಿಸಿದೆವು. ಹಾಲು ಇನ್ನೂ ಇಳಿಯಿತು. ಕಾರಣ ತಲೆಯ ಮೇಲಿನ ಶೀಟಿನಲ್ಲಿತ್ತು. ನಾವು ಗೋದಲಿಯಲ್ಲಿ ಹುಡುಕುತ್ತಿದ್ದೆವು.

ನಮ್ಮ ಜಿಲ್ಲೆಯವರು ಹೀಗೆ ಮೋಸಹೋಗೋದು ಸಹಜ. ಹಾಸನ ಅಂದರೆ ಬಡವರ ಊಟಿ, ಚಿಕ್ಕಮಗಳೂರು ಅಂದರೆ ಮಂಜು. ಬಿಸಿಲಿನ ಕಾಟ ರಾಯಚೂರು, ಕಲಬುರಗಿಯವರಿಗೆ ಅಂತ ಬಾಯಿಪಾಠ ಆಗಿದೆ. ನಮಗೆ ತಂಪು ಅನ್ನಿಸೋ ಹವೆ ಸೀಮೆ ಹಸುವಿಗೆ ತಂಪಲ್ಲ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅನ್ನೋ ಸೀಮೆ ತಳಿ ಬಂದಿದ್ದು ಹಾಲೆಂಡ್ ಕಡೆಯ ಚಳಿ ನಾಡಿನಿಂದ. ಅದಕ್ಕೆ ಹಿತವಾಗಿರೋದು ಸುಮಾರು 5ರಿಂದ 25 ಡಿಗ್ರಿ. ಫೆಬ್ರವರಿ ಕೊನೆಗೇ ಅರಸೀಕೆರೆ, ಕಡೂರು ಕಡೆ ಮಧ್ಯಾಹ್ನ ಅದನ್ನು ದಾಟಿ ಎಷ್ಟೋ ಮೇಲೆ ಹೋಗಿರುತ್ತದೆ.

ಹೊರಗಿನ ಬಿಸಿಲು ಅರ್ಧ ಕಥೆ. ಹಸುವಿನ ಹೊಟ್ಟೆಯೊಳಗೇ ಒಂದು ಒಲೆ ಇದೆ. ತಿಪ್ಪೆ ಅಗೆದಾಗ ಹಬೆ ಏಳುತ್ತಲ್ಲ, ಮೇವು ಕೊಳೆತು ಕರಗುವಾಗ ಹೊಟ್ಟೆಯೊಳಗೂ ಹಾಗೇ ಶಾಖ ಹುಟ್ಟುತ್ತದೆ. ಜಾಸ್ತಿ ಹಾಲು ಕೊಡೋ ಹಸು ಜಾಸ್ತಿ ತಿನ್ನುತ್ತದೆ, ಜಾಸ್ತಿ ಶಾಖ ಹುಟ್ಟಿಸುತ್ತದೆ. ಅದಕ್ಕೇ ಕೊಟ್ಟಿಗೆಯ ಒಳ್ಳೆ ಹಸುವೇ ಮೊದಲು ಬಳಲೋದು. ಪಕ್ಕದಲ್ಲಿ ಕಟ್ಟಿದ ಹಳ್ಳಿಕಾರ್ ಅಥವಾ ಮಲೆನಾಡು ಗಿಡ್ಡದಂಥ ನಾಟಿ ಹಸು ಆರಾಮಾಗಿ ಮೆಲುಕು ಹಾಕ್ತಾ ಇರುತ್ತದೆ. ಅವುಗಳ ಚರ್ಮ ಚೆನ್ನಾಗಿ ಬೆವರುತ್ತದೆ, ಒಳಗಿನ ಒಲೆಯೂ ಚಿಕ್ಕದು.

ಒಲೆಯ ಉರಿ ತಗ್ಗಿಸೋಕೆ ಹಸು ಮೊದಲು ಮೇವು ಬಿಡುತ್ತದೆ. ಹಾಲು ಇಳಿಯೋದರಲ್ಲಿ ಸುಮಾರು ಅರ್ಧ ಪಾಲು ಇದರಿಂದ. ಉಳಿದದ್ದು ಮೈ ತಂಪು ಮಾಡಿಕೊಳ್ಳೋಕೆ ಅದು ಪಡೋ ಪಾಡಿನಿಂದ. ಹೀಗಿರುವಾಗ ಹಿಂಡಿ ಜಾಸ್ತಿ ಸುರಿದು ಹಾಲು ಏರಿಸ್ತೀನಿ ಅಂದರೆ ಆಗೋದಿಲ್ಲ. ಮೊದಲು ಶಾಖ ಹೊರಗೆ ಹೋಗಬೇಕು.

ಹಂತ 1: ಉಸಿರು ಎಣಿಸಿ

ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಹಸುವಿನ ಪಕ್ಕ, ಸ್ವಲ್ಪ ದೂರದಲ್ಲಿ ನಿಲ್ಲಿ. ಗದರಬೇಡಿ, ಎಬ್ಬಿಸಬೇಡಿ. ಪಕ್ಕೆ ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ 30 ಸೆಕೆಂಡ್ ಇಟ್ಟುಕೊಂಡು ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 40ರ ಒಳಗಿದ್ದರೆ ಹಸು ಹಾಯಾಗಿದೆ. 60 ದಾಟಿದರೆ ಧಗೆ ತಟ್ಟಿದೆ. 80 ದಾಟಿದರೆ ಹಾಲು ಇಳಿಯೋದು ಖಂಡಿತ. 100 ದಾಟಿ, ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ ಜೊಲ್ಲು ಸುರಿಸುತ್ತಿದ್ದರೆ ಕೂಡಲೇ ನೀರು ಹಾಕಿ ತಂಪು ಮಾಡಬೇಕು.

ಒಂದು ಥರ್ಮಾಮೀಟರೂ ಇಟ್ಟುಕೊಳ್ಳಿ. ಗುದದ್ವಾರದಲ್ಲಿ ಎರಡು ನಿಮಿಷ ಹಿಡಿದರೆ ಸಾಕು. ಸಾಮಾನ್ಯವಾಗಿ 101ರಿಂದ 102 ಫ್ಯಾರನ್‌ಹೀಟ್ ಇರುತ್ತದೆ. 102.5 ದಾಟಿದರೆ ಶಾಖ ಒಳಗೆ ಕೂತಿದೆ ಅಂತ ಲೆಕ್ಕ. ಇಲ್ಲಿ ಒಂದು ಮುಖ್ಯ ವಿಷಯ. ಮಧ್ಯಾಹ್ನ 103 ಇದ್ದು ಬೆಳಗಿನ ಜಾವ ಐದಕ್ಕೆ 101.5ಕ್ಕೆ ಇಳಿದಿದ್ದರೆ ಅದು ಬಿಸಿಲಿನ ಕೆಲಸ. ಬೆಳಗಿನ ಜಾವವೂ 104 ಇದ್ದರೆ ಅದು ಜ್ವರ. ಬೇಸಿಗೆಯಲ್ಲಿ ರಕ್ತ ಹೀರೋ ಉಣ್ಣೆ ಹುಳದಿಂದ ಬರೋ ಥೈಲೇರಿಯಾದಂಥ ರೋಗಗಳು ಜಾಸ್ತಿ. ಕಿವಿಯ ಒಳಗೆ, ಕೆಚ್ಚಲ ಸಂದಿಯಲ್ಲಿ ಉಣ್ಣೆ ಹುಡುಕಿ, ಆವತ್ತೇ ಡಾಕ್ಟರಿಗೆ ತೋರಿಸಿ. ಬಿಸಿಲು ಅಂತ ಸುಮ್ನೆ ನೀರು ಹಾಕ್ತಾ ಕೂತು ಹಸು ಕಳೆದುಕೊಂಡವರನ್ನು ನಾನೇ ಕಂಡಿದ್ದೀನಿ.

ಹವೆಯ ಲೆಕ್ಕವೂ ಒಂದಿದೆ. ಹವೆಯ ಉಷ್ಣತೆಯನ್ನು (ಸೆಲ್ಸಿಯಸ್‌ನಲ್ಲಿ) 0.8ರಿಂದ ಗುಣಿಸಿ. ಉಷ್ಣತೆಯಲ್ಲಿ 14.4 ಕಳೆದು, ಉಳಿದದ್ದನ್ನು ತೇವಾಂಶದಿಂದ ಗುಣಿಸಿ. ತೇವಾಂಶ 60 ಪರ್ಸೆಂಟ್ ಅಂದರೆ 0.6. ಎರಡನ್ನೂ ಕೂಡಿಸಿ 46.4 ಸೇರಿಸಿ. ಬಂದದ್ದು 72 ದಾಟಿದರೆ ಹಸುವಿಗೆ ಕಷ್ಟ ಶುರು. ಹಾಲು ಜಾಸ್ತಿ ಇರೋ ಹಸುವಿಗೆ 68ಕ್ಕೇ ಶುರು. ಅರಸೀಕೆರೆಯಲ್ಲಿ 35 ಡಿಗ್ರಿ, ತೇವಾಂಶ 30 ಅಂದುಕೊಳ್ಳಿ. ಲೆಕ್ಕ 80.6 ಬರುತ್ತದೆ. ಸಕಲೇಶಪುರದಲ್ಲಿ ಬರೀ 30 ಡಿಗ್ರಿ, ಆದರೆ ತೇವಾಂಶ 70. ಲೆಕ್ಕ 81.3! ಐದು ಡಿಗ್ರಿ ತಂಪಿದ್ದರೂ ಸಕಲೇಶಪುರದ ಹಸುವಿಗೇ ಒಂದು ಕೈ ಜಾಸ್ತಿ ಕಷ್ಟ. ಹೂಮಳೆ ಬಂದು ಮಾರನೇ ದಿನ ಚುರುಕು ಬಿಸಿಲು ಬಿದ್ದಾಗ ಮಲೆನಾಡಿನ ಹಸುಗಳು ಏದುಸಿರು ಬಿಡೋದು ಇದಕ್ಕೇ.

ಇನ್ನೊಂದು ನೆನಪಿರಲಿ. ಇವತ್ತು ಇಳಿದ ಹಾಲು ಹೆಚ್ಚಾಗಿ ಮೊನ್ನೆಯ ಧಗೆಯ ಫಲ. ಚೀಟಿ ನೋಡಿ ಎಚ್ಚೆತ್ತರೆ ಎರಡು ದಿನ ತಡವಾಗಿರುತ್ತದೆ. ಉಸಿರು ಆವತ್ತೇ ಹೇಳುತ್ತದೆ.

ಹಂತ 2: ನೀರು. ಇದಕ್ಕಿಂತ ಮೊದಲು ಬೇರೇನೂ ಕೊಳ್ಳಬೇಡಿ

ಫ್ಯಾನ್, ಸ್ಪ್ರಿಂಕ್ಲರ್ ಅಂತ ಅಂಗಡಿಗೆ ಹೋಗೋ ಮುಂಚೆ ಒಂದು ಕೆಲಸ ಮಾಡಿ. ಮಧ್ಯಾಹ್ನ ಎರಡಕ್ಕೆ ಹಸು ಕುಡಿಯೋ ತೊಟ್ಟಿಗೆ ಮೊಣಕೈವರೆಗೆ ಕೈ ಅದ್ದಿ. ನಾನು ಅದ್ದಿದ ದಿನ ಮೈ ತೊಳೆಯೋ ಬಿಸಿನೀರಿನ ಹದ ಇತ್ತು. ಮೇಲೆ ಹುಲ್ಲಿನ ಎಸಳು ತೇಲುತ್ತಿದ್ದವು, ಗೋಡೆಗೆ ಹಸಿರು ಪಾಚಿ ಹತ್ತಿತ್ತು. ಹಸು ಮೂತಿ ಇಟ್ಟು, ಒಂದು ಗುಟುಕು ಕುಡಿದು ತಲೆ ಎತ್ತುತ್ತಿತ್ತು. ನಾವು "ನೀರು ಇಟ್ಟಿದ್ದೀವಲ್ಲ" ಅಂದುಕೊಂಡಿದ್ದೆವು.

ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಕರೆಯೋ ಸೀಮೆ ಹಸು ಬೇಸಿಗೆಯಲ್ಲಿ ದಿನಕ್ಕೆ 100 ಲೀಟರ್ ಕುಡಿದರೂ ಅಚ್ಚರಿ ಇಲ್ಲ. ಬೆಳಿಗ್ಗೆ ಸಂಜೆ ಎರಡು ಬಕೆಟ್ ಕಲಗಚ್ಚು ತೋರಿಸಿದರೆ ಅದರ ಅರ್ಧವೂ ಆಗೋದಿಲ್ಲ. ಹೊತ್ತೂ ಹೊತ್ತಿಗೂ ಮುಂದೆ ನೀರಿರಬೇಕು, ರಾತ್ರಿಯೂ.

ಮಾಡಬೇಕಾದ್ದು ಇಷ್ಟು. ತೊಟ್ಟಿ ನೆರಳಿಗೆ ಬರಲಿ. ಮೂರು ದಿನಕ್ಕೊಮ್ಮೆ ಉಜ್ಜಿ ತೊಳೆದು ಒಳಗೆ ಸುಣ್ಣ ಬಳಿಯಿರಿ. ಮಾಡಿನ ಮೇಲಿನ ಕಪ್ಪು ಟ್ಯಾಂಕಿಗೆ ತೆಂಗಿನ ಗರಿ ಹೊದಿಸಿ, ಇಲ್ಲವೇ ಒದ್ದೆ ಗೋಣಿ ಸುತ್ತಿ. ಬಿಸಿಲಲ್ಲಿ ಬಿದ್ದಿರೋ ಪೈಪಿನ ಮೊದಲ ನೀರು ಕುದಿಯುತ್ತಿರುತ್ತದೆ, ಅದನ್ನು ಗಿಡಕ್ಕೆ ಬಿಡಿ. ಕರೆಂಟ್ ಹೋಗೋ ಹೊತ್ತು ನಿಮಗೆ ಗೊತ್ತೇ ಇರುತ್ತದೆ. ಬೆಳಿಗ್ಗೆಯೇ ತುಂಬಿಸಿಡಿ. ಹಾಲು ಕರೆದ ಕೂಡಲೇ ಹಸುವಿಗೆ ಬಾಯಾರಿಕೆ ಜೋರು. ಆಗ ತಣ್ಣನೆ ನೀರು ಎದುರಿಗೇ ಇರಬೇಕು. ನಮ್ಮಲ್ಲಿ ಇದೊಂದೇ ಬದಲಾವಣೆಗೆ ಒಂದು ವಾರದಲ್ಲಿ ಒಂದೂವರೆ ಲೀಟರ್ ವಾಪಸ್ ಬಂತು. ಖರ್ಚು ಸುಣ್ಣದ್ದು ಮಾತ್ರ.

ಹಂತ 3: ಮಾಡು ಮತ್ತು ಗಾಳಿ

ತಗಡಿನ ಶೀಟು ಹಾಕಿ, ಏಳಡಿ ಎತ್ತರದಲ್ಲಿ ಗೋಡೆ ಮುಚ್ಚಿದ ಕೊಟ್ಟಿಗೆಯೇ ನಮ್ಮ ಕಡೆ ಜಾಸ್ತಿ. ಮಳೆ, ಚಿರತೆ, ಕಳ್ಳರ ಭಯಕ್ಕೆ ಹಾಗೆ ಕಟ್ಟಿದ್ದು, ತಪ್ಪು ಅನ್ನೋಕಾಗಲ್ಲ. ಆದರೆ ಮಧ್ಯಾಹ್ನ ಅದು ಒಲೆಯ ಮೇಲಿನ ಬಾಂಡಲಿ. ಹೊಸದು ಕಟ್ಟೋರು ಉದ್ದಕ್ಕೆ ಪೂರ್ವ-ಪಶ್ಚಿಮ ಕಟ್ಟಿ. ಬದಿ 8ರಿಂದ 10 ಅಡಿ, ನಡುವೆ 12ರಿಂದ 15 ಅಡಿ ಎತ್ತರ ಇರಲಿ. ತುದಿಯಲ್ಲಿ ಬಿಸಿಗಾಳಿ ಹೊರಹೋಗೋಕೆ ಸಂದು ಬಿಡಿ. ಒಂದು ಹಸುವಿಗೆ ಒಳಗೆ 40 ಚದರ ಅಡಿ ಜಾಗ ಬೇಕು.

ಇರೋ ಕೊಟ್ಟಿಗೆಗೆ ಶೀಟಿನ ಮೇಲೆ ಬಿಳಿ ಸುಣ್ಣ ಬಳಿಯಿರಿ. ಅದರ ಮೇಲೆ ತೆಂಗಿನ ಗರಿಯನ್ನೋ ಅಡಿಕೆ ಸೋಗೆಯನ್ನೋ ದಪ್ಪಗೆ ಹೊದಿಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿಯಿರಿ. ಬೆಂಕಿಯ ಕಿಡಿ ಹಾರೋ ಕಡೆ, ವೈರ್ ಜೋತಾಡೋ ಕಡೆ ಎಚ್ಚರ. ಪಡುವಣ ಬಿಸಿಲು ನೇರ ಒಳಗೆ ಬಂದರೆ ಆ ಬದಿಗೆ ಶೇಡ್ ನೆಟ್ ಕಟ್ಟಿ. ಗೋಡೆಯಿಂದ ಎರಡಡಿ ಹೊರಗೆ ಕಟ್ಟಿದರೆ ಗಾಳಿ ಆಡುತ್ತದೆ. ಗೋಡೆಯಲ್ಲಿ ಹಸುವಿನ ಮೈ ಎತ್ತರಕ್ಕೆ ನಾಲ್ಕು ಇಟ್ಟಿಗೆ ತೆಗೆಸಿ ಜಾಲರಿ ಹಾಕಿಸಿದರೂ ದೊಡ್ಡ ವ್ಯತ್ಯಾಸ.

ಮಲೆನಾಡಿನ ಸೊಪ್ಪಿನ ಕೊಟ್ಟಿಗೆಯವರಿಗೆ ಒಂದು ಮಾತು. ಸೊಪ್ಪು, ಸಗಣಿ, ಗಂಜಲ ಸೇರಿ ಕಾಲ ಕೆಳಗೇ ಗೊಬ್ಬರ ಆಗ್ತಾ ಇರುತ್ತದೆ, ಅದೂ ಶಾಖ ಬಿಡುತ್ತದೆ. ಮಳೆಗಾಲದಲ್ಲಿ ಅದು ಹಸುವಿಗೆ ಕಂಬಳಿ. ಮಾರ್ಚ್, ಏಪ್ರಿಲ್‌ನಲ್ಲಿ ಬೇಗಬೇಗ ಎಳೆದು ಗುಂಡಿಗೆ ಹಾಕಿ, ತೆಳ್ಳಗೆ ಒಣ ಸೊಪ್ಪು ಹಾಸಿ.

ಮಧ್ಯಾಹ್ನ ಹಸುವನ್ನು ಹೊರಗೆ ಕಟ್ಟೋರು ಹಲಸು, ಹೊಂಗೆ, ಬೇವಿನಂಥ ದಟ್ಟ ಮರ ನೋಡಿ. ತೆಂಗಿನ ಮರದ ನೆರಳು ಸಾಲದು. ಅರ್ಧ ಗಂಟೆಗೆ ಅದು ಸರಿದುಹೋಗುತ್ತದೆ, ಹಸು ಹಗ್ಗದ ತುದಿಯಲ್ಲಿ ಬಿಸಿಲಲ್ಲೇ ನಿಂತಿರುತ್ತದೆ.

ಹಂತ 4: ಮೈ ನೆನೆಸುವುದು

ಇಲ್ಲೇ ಜನ ಜಾಸ್ತಿ ತಪ್ಪೋದು. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ತಂಪು ಮಾಡೋದು ನೀರು ಆರೋ ಕೆಲಸ. ನೀರು ಆರಬೇಕಾದರೆ ಗಾಳಿ ಬೇಕು.

ಕ್ರಮ ಹೀಗಿದೆ. ಪೈಪಿನಿಂದಲೋ ಸ್ಪ್ರಿಂಕ್ಲರ್‌ನಿಂದಲೋ ಬೆನ್ನು, ಭುಜ, ಪಕ್ಕೆ ನೆನೆಸಿ. ಕೂದಲು ದಾಟಿ ಚರ್ಮಕ್ಕೆ ಮುಟ್ಟಬೇಕು. ಒಂದೆರಡು ನಿಮಿಷ ಸಾಕು. ನೀರು ನಿಲ್ಲಿಸಿ, 10ರಿಂದ 12 ನಿಮಿಷ ಫ್ಯಾನ್ ಬಿಡಿ. ಮೈ ಆರುತ್ತಿದ್ದಂತೆ ಮತ್ತೆ ನೆನೆಸಿ. ಹೀಗೆ ಮೂರು ಸುತ್ತು. ಬೆಳಿಗ್ಗೆ 11ಕ್ಕೊಮ್ಮೆ, ಮಧ್ಯಾಹ್ನ 1ಕ್ಕೊಮ್ಮೆ, 3ಕ್ಕೊಮ್ಮೆ ಮಾಡಿ. ಧಗೆ ಜೋರಿದ್ದರೆ ರಾತ್ರಿ ಊಟ ಮುಗಿಸಿ ಇನ್ನೊಂದು ಸಲ. ನೆನೆಸಿದ ಮೇಲೆ ಉಸಿರು ಎಣಿಸಿ ನೋಡಿ. 80 ಇದ್ದದ್ದು 60ಕ್ಕೆ ಇಳಿಯದಿದ್ದರೆ ಗಾಳಿ ಸಾಲದು ಅಂತ ಅರ್ಥ.

ಕೆಚ್ಚಲಿಗೆ ನೀರು ಇಳಿಯೋಷ್ಟು ಸುರಿಯಬೇಡಿ. ಒದ್ದೆ ಕೆಚ್ಚಲಲ್ಲಿ ಹಸು ಸಗಣಿ ಮೇಲೆ ಮಲಗಿದರೆ ಕೆಚ್ಚಲು ಬಾವು ಬರುತ್ತದೆ. ಕರೆಯೋ ಹೊತ್ತಿಗೆ ಮೈ ಆರಿರಬೇಕು. ನೆಲದಲ್ಲಿ ನೀರು ನಿಲ್ಲಬಾರದು. ಧಗೆಯಲ್ಲಿ ಹಸು ಮಲಗೋದೇ ಕಮ್ಮಿ ಮಾಡುತ್ತದೆ, ದಿನವಿಡೀ ಒದ್ದೆಯಲ್ಲಿ ನಿಂತರೆ ಗೊರಸು ಹಾಳು.

ಬೆನ್ನಿಗೆ ಒದ್ದೆ ಗೋಣಿ ಹೊದಿಸೋ ರೂಢಿ ನಮ್ಮಲ್ಲೂ ಇತ್ತು. ಗಾಳಿ ಬೀಸೋ ಜಾಗದಲ್ಲಿ, ಗೋಣಿ ಆರದಂತೆ ನೋಡಿಕೊಂಡರೆ ಸ್ವಲ್ಪ ಉಪಯೋಗ. ಮುಚ್ಚಿದ ಕೊಟ್ಟಿಗೆಯಲ್ಲಿ ಅದೇ ಗೋಣಿ ಬೆಚ್ಚಗಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ನಾನು ಅದನ್ನು ಪೂರ್ತಿ ಬಿಟ್ಟುಬಿಟ್ಟೆ.

ಮಂಜಿನ ಹಾಗೆ ನೀರು ಹಾರಿಸೋ ಫಾಗರ್ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಅರಸೀಕೆರೆ, ಕಡೂರಿನಂಥ ಒಣ ಹವೆಯಲ್ಲಿ ಅದು ಸರಿ. ಮೂಡಿಗೆರೆ ಕಡೆ ನನ್ನ ಅಕ್ಕನ ಮನೆಯಲ್ಲಿ ಯಾರೋ ಬಂದು ಅದನ್ನೇ ಕೂರಿಸಿ ಹೋದರು. ಮೊದಲೇ ತೇವ ತುಂಬಿದ ಗಾಳಿ, ಅದರ ಮೇಲೆ ಇನ್ನಷ್ಟು ತೇವ. ನಾವು ಹೋಗಿ ನೋಡಿದಾಗ ಕೊಟ್ಟಿಗೆ ಇಡ್ಲಿ ಪಾತ್ರೆಯ ಹಾಗಿತ್ತು, ಹಸುಗಳ ಉಸಿರು ಇಳಿಯೋ ಬದಲು ಏರಿತ್ತು. ಮಲೆನಾಡಿನಲ್ಲಿ ದೊಡ್ಡ ಹನಿ, ಜೋರು ಫ್ಯಾನ್, ತೆರೆದ ಗೋಡೆ. ಇಷ್ಟೇ ನಡೆಯೋದು.

ಹಂತ 5: ಮೇವಿನ ಹೊತ್ತು ಬದಲಾಯಿಸಿ

ತಿಂದ ಮೂರು ನಾಲ್ಕು ಗಂಟೆಗೆ ಹೊಟ್ಟೆಯ ಒಲೆ ಜೋರಾಗುತ್ತದೆ. ಬೆಳಿಗ್ಗೆ 10ಕ್ಕೆ ಹೊಟ್ಟೆ ತುಂಬ ಹಾಕಿದರೆ ಒಳಗಿನ ಶಾಖವೂ ಹೊರಗಿನ ಶಾಖವೂ ಮಧ್ಯಾಹ್ನ ಒಟ್ಟಿಗೆ ಕೂಡುತ್ತವೆ. ಅದಕ್ಕೆ ದಿನದ ಮೇವಿನಲ್ಲಿ ಮೂರರಲ್ಲಿ ಎರಡು ಪಾಲು ಸಂಜೆ 6ರಿಂದ ಬೆಳಿಗ್ಗೆ 7ರೊಳಗೆ ಹೋಗಲಿ. ನಮ್ಮ ಮನೆಯಲ್ಲಿ ರಾತ್ರಿ ಮಲಗೋ ಮುಂಚೆ, ಹತ್ತು ಗಂಟೆಗೆ ಒಂದು ಹೊರೆ ಹಾಕ್ತೀವಿ. ಬೆಳಿಗ್ಗೆ ಐದಕ್ಕೆ ಎದ್ದರೆ ಗೋದಲಿ ನೆಕ್ಕಿಟ್ಟ ಹಾಗಿರುತ್ತದೆ.

ರಾಗಿ ಹುಲ್ಲಿನಂಥ ಒಣ ಮೇವು ಕರಗೋಕೆ ಜಾಸ್ತಿ ಶಾಖ ಹುಟ್ಟುತ್ತದೆ. ಅದನ್ನು ರಾತ್ರಿಗೆ ಇಡಿ. ಹಗಲಿಗೆ ಹಸಿಮೇವು: ಸೀಮೆ ಹುಲ್ಲು, ಹಸಿ ಮುಸುಕಿನ ಜೋಳದ ಕಡ್ಡಿ, ರಸಮೇವು (ಗಾಳಿಯಾಡದಂತೆ ಮುಚ್ಚಿಟ್ಟ ಹಸಿಮೇವು, ಸೈಲೇಜ್). ಎರಡಂಗುಲದ ಒಳಗೆ ಕತ್ತರಿಸಿ ಹಾಕಿ. ಆದರೆ ಒಣಹುಲ್ಲು ಪೂರ್ತಿ ನಿಲ್ಲಿಸಬೇಡಿ. ನಾರು ಕಮ್ಮಿಯಾದರೆ ಮೆಲುಕು ನಿಲ್ಲುತ್ತದೆ, ಫ್ಯಾಟ್ ಬೀಳುತ್ತದೆ.

ಫ್ಯಾಟ್ ಬೀಳೋದಕ್ಕೆ ಜೊಲ್ಲೂ ಒಂದು ಕಾರಣ. ಹಸುವಿನ ಜೊಲ್ಲಿನಲ್ಲಿ ಸೋಡಾದ ಗುಣ ಇದೆ. ಅದು ಹೊಟ್ಟೆಯ ಹುಳಿಯನ್ನು ತಗ್ಗಿಸುತ್ತದೆ. ಏದುಸಿರಲ್ಲಿ ಜೊಲ್ಲೆಲ್ಲ ನೆಲಕ್ಕೆ ಸುರಿದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ. 10 ಲೀಟರ್ ದಾಟಿದ ಹಸುವಿಗೆ ಅಡುಗೆ ಸೋಡಾ ಬೆಳಿಗ್ಗೆ 50 ಗ್ರಾಂ, ಸಂಜೆ 50 ಗ್ರಾಂ ಹಿಂಡಿಯಲ್ಲಿ ಕಲಸಿ ಕೊಡಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಉಪ್ಪು 30ರಿಂದ 50 ಗ್ರಾಂ. ಹಿಂಡಿ, ಬೂಸವನ್ನು ಒಂದೇ ಸಲ ಸುರಿಯದೆ ಮೂರು ನಾಲ್ಕು ಪಾಲು ಮಾಡಿ.

ಮದುವೆ ಸೀಸನ್ನಿನ ಮಿಕ್ಕ ಅನ್ನ, ಮಲೆನಾಡಿನ ಹಲಸಿನ ಹಣ್ಣು, ಎರಡರಲ್ಲೂ ಹುಷಾರ್. ಧಗೆಯಲ್ಲಿ ಮೊದಲೇ ಹುಳಿಯಾದ ಹೊಟ್ಟೆಗೆ ಒಂದು ಬಕೆಟ್ ಅನ್ನ ಬಿದ್ದರೆ ಹಸು ಎದ್ದು ನಿಲ್ಲೋದೇ ಕಷ್ಟ. ತೋಟದಲ್ಲಿ ಉದುರಿದ ಹಲಸು ಆಯ್ದು ಎತ್ತಿಡಿ. ಬಿಸಿಲಿಗೆ ಬಾಡಿ ಕುಗ್ಗಿದ ಎಳೆ ಬಿಳಿಜೋಳ, ಕೂಳೆಯಿಂದ ಚಿಗುರಿದ ಜೋಳ ವಿಷ. ಅದರ ಹತ್ತಿರಕ್ಕೂ ಬಿಡಬೇಡಿ.

ಹಂತ 6: ಬೆದೆ, ಗಬ್ಬ, ಬತ್ತಿದ ಹಸು

ಹಾಲಿನ ನಷ್ಟ ಮಳೆ ಬಂದರೆ ತುಂಬಿಕೊಳ್ಳಬಹುದು. ಗಬ್ಬ ನಿಲ್ಲದಿದ್ದರೆ ಹೋಗೋದು ತಿಂಗಳುಗಟ್ಟಲೆ. ಧಗೆಯಲ್ಲಿ ಬೆದೆ ಸಣ್ಣಗೆ, ಸದ್ದಿಲ್ಲದೆ, ಹೆಚ್ಚಾಗಿ ರಾತ್ರಿ ಬಂದು ಹೋಗುತ್ತದೆ. ಕೂಗೋದಿಲ್ಲ, ಹಾರೋದಿಲ್ಲ. ಬೆಳಗಿನ ಜಾವ ಮತ್ತು ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಬಾಲದ ಬುಡದಲ್ಲಿ ಲೋಳೆ ಇದೆಯಾ ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಸೆಮೆನ್ ಕೊಡಿಸಿ. ಬಿಸಿಲಲ್ಲಿ ನಡೆಸಿಕೊಂಡು ಹೋಗಬೇಡಿ. ಆಮೇಲಿನ ಒಂದು ವಾರ ಆ ಹಸುವಿಗೆ ಕೊಟ್ಟಿಗೆಯ ತಂಪಾದ ಜಾಗ ಬಿಟ್ಟುಕೊಡಿ. ಮೊದಲ ದಿನಗಳ ಪಿಂಡ ಶಾಖ ತಡೆಯೋದಿಲ್ಲ.

ಎಲ್ಲರೂ ಮರೆಯೋದು ಬತ್ತಿದ ಹಸುವನ್ನು. ಹಾಲಿಲ್ಲ ಅಂತ ಅದನ್ನೇ ಹೊರಗೆ ಕಟ್ಟೋದು, ಫ್ಯಾನ್ ಕರೆಯೋ ಹಸುಗೆ. ಕರು ಹಾಕೋ ಮುಂಚಿನ 60 ದಿನ ಕೆಚ್ಚಲಲ್ಲಿ ಹೊಸ ಹಾಲಿನ ಗ್ರಂಥಿ ಬೆಳೆಯೋ ಕಾಲ. ಆಗ ಧಗೆ ತಟ್ಟಿದರೆ ಮುಂದಿನ ಕರಾವು ಪೂರ್ತಿ ಹಾಲು ಕಮ್ಮಿ, ಕರುವೂ ಸಣ್ಣದು. ಜುಲೈ, ಆಗಸ್ಟ್‌ನಲ್ಲಿ ಗಬ್ಬ ನಿಂತ ಹಸು ಕರು ಹಾಕೋದು ಏಪ್ರಿಲ್, ಮೇ ಹೊತ್ತಿಗೆ. ಅಂದರೆ ಬತ್ತಿದ ದಿನಗಳು ಸರಿಯಾಗಿ ಬಿಸಿಲಿಗೇ ಸಿಕ್ಕುತ್ತವೆ. ಅಂಥ ಹಸು ನಿಮ್ಮಲ್ಲಿದ್ದರೆ ನೆರಳು, ನೀರು, ಫ್ಯಾನ್ ಮೂರರಲ್ಲೂ ಅದಕ್ಕೆ ಸಮಪಾಲು ಕೊಡಿ.

ಹಸು ಬಿದ್ದಾಗ

ಮೈಶಾಖ 106 ಫ್ಯಾರನ್‌ಹೀಟ್ ದಾಟಿ, ತೂರಾಡಿ, ಮಲಗಿದ ಹಸು ಏಳದಿದ್ದರೆ ತಡಮಾಡಬೇಡಿ. ಎಬ್ಬಿಸಿ ನಡೆಸೋಕೆ ಹೋಗಬೇಡಿ, ಅದು ಬಿದ್ದ ಜಾಗಕ್ಕೇ ನೆರಳು ತನ್ನಿ: ಟಾರ್ಪಾಲಿನ ನಾಲ್ಕು ಮೂಲೆ ನಾಲ್ಕು ಜನ ಹಿಡಿಯಿರಿ. ತಲೆ, ಕುತ್ತಿಗೆ, ಹೊಟ್ಟೆ, ಕಾಲಿಗೆ ನಿಲ್ಲಿಸದೆ ನೀರು ಹಾಕಿ, ಗಾಳಿ ಬೀಸಿ. ಎದೆಯ ಮೇಲೆ ಕೂರಿಸಿ, ಪಕ್ಕಕ್ಕೆ ಹೊರಳದಂತೆ ಮೂಟೆ ಒತ್ತಿಡಿ. ತಾನಾಗಿ ಕುಡಿದರೆ ನೀರು ಕೊಡಿ. ಗೊಟ್ಟದಲ್ಲಿ (ಬಾಯಿಗೆ ಮದ್ದು ಸುರಿಯೋ ಬಿದಿರಿನ ಕೊಳವೆ) ಸುರಿಯಬೇಡಿ, ಏದುಸಿರಿನ ಹಸುವಿಗೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಒಬ್ಬರು ನೀರು ಹಾಕ್ತಾ ಇರಲಿ, ಇನ್ನೊಬ್ಬರು ಊರಿನ ಪಶುವೈದ್ಯರಿಗೆ ಅಥವಾ ಸರ್ಕಾರದ ಸಂಚಾರಿ ಪಶು ಚಿಕಿತ್ಸೆ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಲಿ. ಮೈಶಾಖ 103ಕ್ಕೆ ಬಂದಾಗ ನೀರು ನಿಲ್ಲಿಸಿ. ಆಮೇಲೆ ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡ್ತಾ ಇರಿ, ಮತ್ತೆ ಏರೋದುಂಟು.

ಮುಂದಿನ ಬೇಸಿಗೆಗೆ

ಕೆಲಸ ಶುರುವಾಗೋದು ಮುಂಗಾರಿನಲ್ಲಿ. ಜೂನ್‌ನಲ್ಲಿ ಕೊಟ್ಟಿಗೆಯ ಪಡುವಣಕ್ಕೆ ಹೊಂಗೆ, ನುಗ್ಗೆ, ಅಗಸೆ ನೆಡಿ. ನಮ್ಮ ಕಡೆ ಮುಸುಕಿನ ಜೋಳ ಹೇಗೂ ಹಾಕ್ತೀವಿ ಅಲ್ವಾ, ಅದರಲ್ಲಿ ಒಂದು ಪಟ್ಟಿಯನ್ನು ಕಾಳು ಹಾಲು ತುಂಬಿ ಗಟ್ಟಿಯಾಗೋ ಹೊತ್ತಿಗೆ ಕಡಿದು ರಸಮೇವಿಗೆ ತುಂಬಿ. ಗಾಳಿಯಾಡದಂತೆ ತುಳಿದು ಮುಚ್ಚಿದರೆ 45 ದಿನಕ್ಕೆ ತಯಾರು. ತೆಗೆಯದೆ ಬಿಟ್ಟರೆ ಏಪ್ರಿಲ್‌ವರೆಗೂ ಕೆಡೋದಿಲ್ಲ. ಜನವರಿ ಕೊನೆಗೆ ಮಾಡಿಗೆ ಸುಣ್ಣ ಬಳಿದು, ಫ್ಯಾನಿನ ಧೂಳು ಒರೆಸಿ, ಒಂದು ದಿನ ಮಧ್ಯಾಹ್ನ ಎರಡಕ್ಕೆ ತೊಟ್ಟಿಗೆ ಕೈ ಅದ್ದಿ ನೋಡಿ.